ದಾರ ಹಾಕೋ ಹುಡುಗಿ

ಶಹಾಬಜಾರಿನ ನಮ್ಮ ಗಲ್ಲಿಯಲ್ಲಿ
ಏಳು ಮನೆಗೆ ಸೇರಿ ಒಂದೇ ಜೋಡಿ ಕಣ್ಣು.
ಅವು ನನ್ನವು.

ಮಧ್ಯಾಹ್ನ ಕರೆಂಟು ಹೋದಮೇಲೆ
ಕಟ್ಟೆಗೆ ಬಂದು ಕೌದಿ ಹರವಿ ಕೂತ ಹೆಂಗಸರು
ಒಬ್ಬರಾದ ಮೇಲೊಬ್ಬರು ಕರೆಯುವರು:
"ಏ ಸುಗಂಧಾ, ಬಾ ಯವ್ವಾ, ದಾರ ಹಾಕು."
ತುದಿಯನ್ನು ಎಂಜಲು ಮಾಡಿ, ಚೂಪಗೆ ಹೊಸೆದು
ಒಂದೇ ಏಟಿಗೆ ದಾಟಿಸಿಬಿಡುತ್ತಿದ್ದೆ.
ಕೂಲಿ ಒಂದು ಮುಷ್ಟಿ ಶೇಂಗಾ, ಬೆಲ್ಲದ ಚೂರು,
ಮೇಲೆ "ಹದ್ದಿನ ಕಣ್ಣು ನೋಡ್ರಿ ಕೂಸಿಂದು" ಎಂಬ ಮಾತು.
ಬೆಲ್ಲ ಕರಗಿದ ಮೇಲೂ
ಆ ಮಾತು ಬಾಯಲ್ಲಿ ಉಳಿಯುತ್ತಿತ್ತು.

ಚಂದ್ರಭಾಗಮ್ಮ ಮೊರವನ್ನು ಮೊಣಕಾಲಿನಾಚೆ ಇಟ್ಟು
ತಲೆ ಹಿಂದಕ್ಕೆಳೆದು ತೊಗರಿಬೇಳೆ ಆರಿಸುವಳು.
ಉಣ್ಣುವಾಗ ಹರಳು ಕಡಿದರೆ ಗಂಡ
ದವಡೆ ಹಿಡಿದುಕೊಂಡು
ದಾಲ್ ಮಿಲ್ಲಿನವನಿಗೆ ಬೈಯುತ್ತಿದ್ದ.
ಖುರ್ಷೀದಾ ಆಪಾ ಹುಕ್ಕು ಹಚ್ಚುವ ಕೆಲಸ ಬಿಟ್ಟಳು.
ಬ್ಯಾಸರ ಬಂತಂತೆ.
ನೀಲಗಂಗಮ್ಮ ಪುರಾಣದ ಪುಸ್ತಕ ತೆರೆದಿಟ್ಟು
ಹಾಳೆ ತಿರುವುವಳು, ಓದುತ್ತಿರಲಿಲ್ಲ.
"ಎಲ್ಲಾ ಬಾಯಿಪಾಠ ಅದ" ಎನ್ನುವಳು.
ಹಾಳೆ ತಿರುವಿದ್ದೂ ಒಮ್ಮೊಮ್ಮೆ ಎರಡೆರಡು.

ಯಾರಿಗೂ ಏನೂ ಆಗಿರಲಿಲ್ಲ.
ಕೇಳಿದರೆ, "ಏನಾಗ್ಯಾದ? ವಯಸ್ಸಾಗ್ಯಾದ."
ನಲವತ್ತೆರಡಕ್ಕೆ.

ಆ ಸಲ ನಮ್ಮ ಕಾಕಾ
ಸೂಪರ್ ಮಾರ್ಕೆಟ್ಟಿನ ಫುಟ್‌ಪಾತಿನಿಂದ
ತೊಂಬತ್ತು ರೂಪಾಯಿಗೆ ಒಂದು ಚಷ್ಮಾ ತಂದ.
ಚಂದ್ರಭಾಗಮ್ಮ ಹಾಕಿಕೊಂಡಳು.
ಮೊದಲು ತನ್ನ ಅಂಗೈಯನ್ನೇ ಬಹಳ ಹೊತ್ತು ನೋಡಿದಳು,
ಯಾರದೋ ಕೈ ತಪ್ಪಿ ತನಗೆ ಬಂದಂತೆ.
ಆಮೇಲೆ ಮೊರ.
"ಅಯ್ಯ, ಇದರಾಗ ಹುಳ ಓಡ್ಯಾಡ್ಲಕತ್ಯಾವಲ್ಲ!"
ಆಮೇಲೆ ತೊಡೆಯ ಮೇಲಿನ ಕೌದಿ.
ನೆಟ್ಟಗೆ ಹಾಕಿದೆನೆಂದುಕೊಂಡ ಹೊಲಿಗೆ
ಒಂದು ಅಳಂದದ ಕಡೆಗೆ, ಒಂದು ಜೇವರ್ಗಿ ಕಡೆಗೆ.
ಕೌದಿ ಮಡಚಿಟ್ಟಳು. ಚಷ್ಮಾ ತೆಗೆದಳು.
"ಇದೆಲ್ಲ ಯಾಕ ಬೇಕು ಈಗ?
ನಡದಾದಲ್ಲ.
ದಾರ ಹಾಕ್ಲಿಕ್ಕ ಕೂಸು ಅದ."

ಎಲ್ಲರೂ ನಕ್ಕರು.
ಮೊದಲು ನಕ್ಕವಳು ನಾನು.
ನನ್ನ ಬೆಲ್ಲ ಉಳಿದಿತ್ತು.

ಚಷ್ಮಾ ಗೋಡೆಯ ಗೂಡಿನಲ್ಲಿ ಕೂತಿತು,
ಚಿಮಣಿ ಎಣ್ಣೆಯ ಬಾಟಲಿ ಪಕ್ಕ.
ಏಳೂ ಮನೆಯವರ ಕೈಗೆ ಎಟುಕುವಷ್ಟೇ ಎತ್ತರ.
ಧೂಳು ಕೂತು ಕೂತು
ಕೊನೆಗೆ ಅದಕ್ಕೂ ಕಾಣದಾಯಿತು.

ನಾನು ಲಗ್ನವಾಗಿ ಸೇಡಮ್ಮಿಗೆ ಹೋದಮೇಲೆ
ಗಲ್ಲಿಯಲ್ಲಿ ಕೌದಿ ನಿಂತೇಹೋದವು.
"ಈಗ ಯಾರು ಹೊಚ್ಕೋತಾರ ಕೌದಿ?
ಸೊಲ್ಲಾಪುರ ಚಾದರ ಸಿಗ್ತಾವ."
ಅದೂ ನಿಜ. ಸಿಗುತ್ತಾವೆ.

ನಿನ್ನೆ ರಾತ್ರಿ ಜ್ವರದ ಗುಳಿಗೆಯ ಚೀಟಿ ಹಿಡಿದೆ.
ಅಕ್ಷರ ಇರುವೆಯಾದವು.
ದೂರ ಹಿಡಿದೆ, ಇನ್ನೂ ದೂರ.
ದೇವರು ಕೈ ಇಷ್ಟೇ ಉದ್ದ ಕೊಟ್ಟಿದ್ದಾನೆ.
"ಈ ಕಂಪನಿಯವರು ಅಕ್ಷರ ಸಣ್ಣ ಮಾಡ್ಯಾರ" ಎಂದೆ,
"ಬಲ್ಬೂ ಹಳೇದಾಗ್ಯಾದ."

ಸಂಪದಾ ಓದುತ್ತಿದ್ದ ಪುಸ್ತಕ ಬಿಟ್ಟು ಎದ್ದುಬಂದಳು.
ಒಂಬತ್ತು ವರ್ಷ ಅವಳಿಗೆ.
ಚೀಟಿ ಕಸಿದುಕೊಂಡು, ಬಲ್ಬಿನ ಕಡೆ ನೋಡದೆಯೇ
ಗಟ್ಟಿಯಾಗಿ ಓದಿದಳು:
"ಊಟ ಆದಮ್ಯಾಲ ಒಂದು."

"ಹದ್ದಿನ ಕಣ್ಣು ನೋಡು" ಎಂದೆ.
ಅನ್ನುವಷ್ಟರಲ್ಲಿ ನನ್ನ ಕೈ
ತಾನೇ ಹೋಗಿ
ಬೆಲ್ಲದ ಡಬ್ಬಿ ತೆರೆದಿತ್ತು.