ಕಾಲಂ ನಾಲ್ಕು

ಚಿಕ್ಕಬಳ್ಳಾಪುರದಿಂದ ಕಾಗದ ಬಂತು:
ಗುಡಿಬಂಡೆ ತಾಲ್ಲೂಕಿನ ಸಾರ್ವಜನಿಕರ ಬಳಿ
ಬಂದೂಕು ಎಷ್ಟಿವೆ? ಲೈಸೆನ್ಸ್ ಇದ್ದದ್ದು ಬೇರೆ,
ಇಲ್ಲದ್ದು ಬೇರೆ. ಅಂದಾಜು ಸಾಕು.
ಶುಕ್ರವಾರದೊಳಗೆ ಕಳಿಸಿ.

ಇದ್ದದ್ದನ್ನು ಎಣಿಸುವುದು ಸುಲಭ.
ರಿಜಿಸ್ಟರಿನಲ್ಲಿ ನಲವತ್ತೊಂದು ಹೆಸರು.
ಹದಿನಾರು ಜನ ತೀರಿಕೊಂಡಿದ್ದಾರೆ,
ಅವರ ಬಂದೂಕು ತೀರಿಕೊಂಡಿಲ್ಲ.
ಚುನಾವಣೆ ಬಂದಾಗಲೆಲ್ಲ ಠಾಣೆಗೆ ಬಂದು
ಕೊರಳಿಗೆ ಚೀಟಿ ಕಟ್ಟಿಸಿಕೊಂಡು
ಗೋಡೆಗೊರಗಿ ತಿಂಗಳು ನಿಂತು
ಮತ ಹಾಕದೆ ಮನೆಗೆ ಹೋಗುತ್ತವೆ.
ಪಾಪಿರೆಡ್ಡಿಯವರ ಜೋಡಿನಳಿಗೆಯದನ್ನು
ಸೊಸೆ ರಾಮಲಕ್ಷ್ಮಮ್ಮ ಹಳೇ ಸೀರೆಯಲ್ಲಿ ಸುತ್ತಿ
ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ತರುತ್ತಾಳೆ.
ಒಮ್ಮೆ ಕಂಡಕ್ಟರ್ ಅರ್ಧ ಟಿಕೆಟ್ ಕೇಳಿದನಂತೆ.

ಕಾಲಂ ನಾಲ್ಕು: ಅರೆ ಸ್ವಯಂಚಾಲಿತ.
ಹಾಗೆಂದರೇನು ಸಾರ್?
ಶಿರಸ್ತೇದಾರರು ಕನ್ನಡಕ ಏರಿಸಿದರು:
ಅರ್ಧ ತಾನೇ ನಡೆಯುವುದು.
ಇನ್ನರ್ಧ?
ನಮ್ಮ ಆಫೀಸಿನ ಹಾಗೆ, ಎಂದು ಟೀ ಕುಡಿದರು.

ಕುಲುಮೆಯ ಮೌನಾಚಾರಿ ಮಾತ್ರ ನಗಲಿಲ್ಲ.
ನಮ್ಮ ಕಡೆಯದ್ದು ಪೂರಾ ಕೈಯದ್ದು ತಾಯೀ,
ಮದ್ದು ಸುರಿ, ನಾರು ತುರುಕು, ಗಜದಲ್ಲಿ ಜಡಿ,
ಗುಂಡು ಹಾಕು, ಮತ್ತೆ ನಾರು, ಮತ್ತೆ ಜಡಿ.
ಅಷ್ಟರಲ್ಲಿ ಹಂದಿ ಹೋಗಿರುತ್ತೆ,
ಕೋಪವೂ ಹೋಗಿರುತ್ತೆ.
ತಾನೇ ತುಂಬಿಕೊಳ್ಳೋದಕ್ಕೆ
ಆ ಹೊತ್ತು ಎಲ್ಲಿಂದ ಬರಬೇಕು?
ನೀವು ಎಷ್ಟು ಮಾಡಿಕೊಟ್ಟಿದ್ದೀರಿ ಎಂದೆ.
ಏನು, ನೇಗಿಲಿನ ಗುಳವಾ? ಎಂದರು,
ತಿದಿ ಒತ್ತಿದರು. ಕಿಡಿ ಎದ್ದು ಮಾತು ಮುಗಿಯಿತು.

ಇಲ್ಲದ್ದನ್ನು ಎಣಿಸುವುದು ಹೇಗೆ?
ವರ್ಲಕೊಂಡದ ರಿಪೇರಿ ಅಂಗಡಿಯಲ್ಲಿ ವಿಚಾರಿಸಿದೆ:
ಊರಿನಲ್ಲಿ ಓಡುವ ಸೈಕಲ್ಲು ಹನ್ನೆರಡು,
ವರ್ಷಕ್ಕೆ ಮಾರಿದ ಬೇರಿಂಗ್ ಗುಂಡು ಮೂರು ಕೆಜಿ.
ಆಸ್ಪತ್ರೆಯಲ್ಲಿ ಡಾಕ್ಟರ್ ತಸ್ಲೀಮಾ ಪುಸ್ತಕ ತೆರೆದರು:
ತೊಡೆಗೆ ಜಾಲಿಮುಳ್ಳು, ಭುಜಕ್ಕೆ ಜಾಲಿಮುಳ್ಳು,
ಎರಡು ವರ್ಷದಲ್ಲಿ ಹದಿನಾಲ್ಕು ಜನಕ್ಕೆ ಜಾಲಿಮುಳ್ಳು.
ಟ್ರೇಗೆ ಬಿದ್ದರೆ ಟಣ್ ಎನ್ನುವ ಮುಳ್ಳು ಇವು,
ಬರೆದುಕೊಳ್ಳಿ, ನಾನು ಹೇಳಿದೆ ಅನ್ನಬೇಡಿ.
ಉಳಿದವರನ್ನು ಕೇಳಿದರೆ ಒಂದೇ ಉತ್ತರ:
ಏಮೋಮ್ಮಾ, ನಾಕೇಮಿ ತೆಲುಸು.

ಬುಧವಾರ ರಾತ್ರಿ ತಾರಸಿ ಹತ್ತಿದೆ,
ಶಾಲು, ಫ್ಲಾಸ್ಕು, ನೋಟ್‌ಬುಕ್ಕು.
ಕಡಲೆಕಾಯಿ ಬಲಿತ ಕಾಲ, ಹಂದಿ ಇಳಿಯುವ ಕಾಲ.
ಹನ್ನೊಂದರಿಂದ ಮೂರರೊಳಗೆ ಏಳು ಸದ್ದು.
ಆದರೆ ಈ ಊರಿನ ಬೆಟ್ಟ ಸುಮ್ಮನಿರುವ ಬೆಟ್ಟವಲ್ಲ,
ಒಂದು ಢಂ ಎಂದರೆ ಕೋಟೆಗೋಡೆಗೊಂದು ಢಂ,
ಅಮಾನಿಕೆರೆಯ ಏರಿಗೊಂದು ಢಂ.
ಒಂದನ್ನು ಮೂರು ಮಾಡಿ ಹೇಳುತ್ತದೆ,
ನಮ್ಮ ಪಕ್ಕದ ಮನೆ ಗಂಗುಲಮ್ಮನ ಹಾಗೆ.
ಏಳನ್ನು ಮೂರರಿಂದ ಭಾಗಿಸಿದೆ.
ಎರಡು ಬಂತು,
ಒಂದು ಉಳಿಯಿತು.

ಬೆಳಿಗ್ಗೆ ಕುಲುಮೆಗೆ ಹೋಗಿ ಆ ಒಂದನ್ನು ಕೇಳಿದೆ.
ಮೌನಾಚಾರಿ ಸುತ್ತಿಗೆ ಇಟ್ಟರು.
ತೀರಾ ಹತ್ತಿರದಿಂದ ಹೊಡೆದಿದ್ದರೆ, ಎಂದರು,
ಮರುದನಿ ಬರೋದಿಲ್ಲ ಅನ್ನುತ್ತಿದ್ದ ನಮ್ಮಪ್ಪ.
ಯಾವುದಕ್ಕೆ ಹತ್ತಿರದಿಂದ ಎಂದು
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ಆಸ್ಪತ್ರೆಗೂ ಆ ದಿನ ಯಾವ ಮುಳ್ಳೂ ಬರಲಿಲ್ಲ.

ಬೇರಿಂಗು, ಮುಳ್ಳು, ಸದ್ದು, ಸುಳ್ಳು
ಎಲ್ಲ ಕೂಡಿಸಿ, ಗುಣಿಸಿ, ಅಳುಕುತ್ತ
ನೂರ ಎಂಬತ್ತೊಂದು ಎಂದು ಬರೆದೆ.
ಕಾಲಂ ನಾಲ್ಕರಲ್ಲಿ ಮೊದಲು 'ಇಲ್ಲ' ಎಂದಿಟ್ಟು ಹೊಡೆದುಹಾಕಿದೆ;
'ಗೊತ್ತಿಲ್ಲ' ಎನ್ನಲು ಖಾನೆಯಲ್ಲಿ ಜಾಗ ಸಾಲಲಿಲ್ಲ,
'ಗೊತ್ತಿ' ಇಲ್ಲಿ, 'ಲ್ಲ' ಪಕ್ಕದ ಖಾನೆಯಲ್ಲಿ.

ಶುಕ್ರವಾರ ಫೋನು:
ಅಂದಾಜಿಗೆ ಈ ಒಂದು ಎಲ್ಲಿಂದ ಬಂತಮ್ಮ?
ಅಂದಾಜು ಅಂದರೆ ಸೊನ್ನೆಯಲ್ಲಿ ಮುಗಿಯಬೇಕು.
ಅದನ್ನು ತೆಗೆದು ಕಳಿಸು.

ತೆಗೆದೆ.
ಆ ರಾತ್ರಿ ತಾರಸಿಗೆ ಹೋಗಲಿಲ್ಲ.
ಕಿಟಕಿ ಹಾಕಿ ದೀಪ ಆರಿಸಿದರೂ
ಮೇಲೆ ಕತ್ತಲಲ್ಲಿ ಬೆಟ್ಟ
ಯಾರದ್ದೋ ಒಂದು ಸದ್ದನ್ನು ಬಾಯಲ್ಲಿ ಹಿಡಿದು
ವಾಪಸ್ಸು ಕೊಡದೆ ಕೂತಿತ್ತು.