ಒಮ್ಮೆ ಬೆರಳಾಡಿಸು

ಮನ್ನಾ ಹಿಲ್ ದಾಟಿ ಹತ್ತು ಹನ್ನೊಂದು ಕಿಲೋಮೀಟರ್ ಆಗಿರಬೇಕು,
ನೀಲಾಂಬಿಕೆ ಕಿಟಕಿ ಇಳಿಸಿ ಮೂಗರಳಿಸಿದಳು:
"ಏನೋ ಸುಟ್ಟ ವಾಸನಿ ಬರಾಕತ್ತದ ನೋಡ್ರಿ."
ಹೊರಗಿನದು, ಅಂದೆ. ಯಾರೋ ಕಸ ಸುಡುತ್ತಿರಬೇಕು.

ಹೊರಗೆ ಸುಡುವ ಕೈ ಒಂದೂ ಇರಲಿಲ್ಲ.
ಮೊಣಕಾಲೆತ್ತರದ ಬೂದುಬಣ್ಣದ ಉಪ್ಪುಗಿಡ, ಕೆಂಪು ನೆಲ,
ರಸ್ತೆಯ ಜತೆ ಮಾತು ಬಿಟ್ಟರೂ
ಜತೆ ಬಿಡದ ರೈಲುಹಳಿ.

ಆಗ ಹತ್ತಿಕೊಂಡಿತು ದೀಪ:
ಪುಟ್ಟದೊಂದು ಕೆಂಪು ಗಿಂಡಿ,
ಮೂತಿಯಲ್ಲಿ ಒಂದೇ ಹನಿ.

ಕೀಲಿ ತಿರುಗಿಸಿದೆ. ಬಿಸಿ ಲೋಹ ಟಿಕ್ ಟಿಕ್ ಎಂದಿತು.
ಬಗ್ಗಿ ನೋಡಿದರೆ ಕಾರಿನ ಹೊಟ್ಟೆಯೆಲ್ಲ ಎಣ್ಣೆ,
ಬಂದ ದಾರಿಯುದ್ದಕ್ಕೂ ಒಂದು ಕಪ್ಪು ಗೀಟು,
ಇರುವೆಸಾಲಿನ ನಿಷ್ಠೆಯಲ್ಲಿ
ನಮ್ಮನ್ನೇ ಹುಡುಕಿಕೊಂಡು ಬಂದಿತ್ತು.

ಶನಿವಾರ, ಅಡಿಲೇಡಿನ ನಮ್ಮ ಅಂಗಳದಲ್ಲಿ
ಹಳೇ ಲುಂಗಿ ಎತ್ತಿ ಕಟ್ಟಿ ಕಾರಿನಡಿ ಮಲಗಿ
ಎಣ್ಣೆ ಬದಲಿಸಿದ್ದೆ, ಫಿಲ್ಟರ್ ಬದಲಿಸಿದ್ದೆ,
ನೂರೆಂಬತ್ತು ಡಾಲರ್ ಉಳಿಸಿದೆನೆಂದು
ಮೂವರಿಗೆ ಫೋನ್ ಮಾಡಿ ಹೇಳಿದ್ದೆ.
ನಾಲ್ಕನೆಯವನು ಎತ್ತಲಿಲ್ಲ.

ಕುರಿ ತುಂಬಿದ ಲಾರಿಯವನೊಬ್ಬ ರೇಡಿಯೋದಲ್ಲಿ ಯುಂಟಾಕ್ಕೆ ಹೇಳಿ ಹೋದ.
ಒಂದೂವರೆ ಗಂಟೆಗೆ ಬಂದಳು ಗ್ಲೆನಿಸ್,
ಅರವತ್ತು ದಾಟಿದವಳು, ಕಿವಿಯ ಸಂದಿಯಲ್ಲಿ ಪೆನ್ಸಿಲ್.
ನಮಸ್ಕಾರ ಗಿಮಸ್ಕಾರ ಇಲ್ಲ, ಸೀದಾ ಕಾರಿನಡಿಗೆ.
ಅಲ್ಲಿಂದ ಬಂದದ್ದು ಒಂದೇ ಮಾತು:
"ಎರಡು."

ಹಳೇ ಫಿಲ್ಟರಿನ ರಬ್ಬರ್ ಬಳೆ
ಇಂಜಿನ್ನಿಗೇ ಅಂಟಿ ಕೂತಿತ್ತಂತೆ.
ಅದರ ಮೇಲೇ ಹೊಸದನ್ನು ಕೂರಿಸಿ
ಬಿಗಿ ಮಾಡಿದ ಪುಣ್ಯಾತ್ಮ ಯಾರು?

"ವರ್ಕ್‌ಶಾಪಿನವರು" ಅಂದಿತು ನನ್ನ ಬಾಯಿ,
ನನ್ನನ್ನು ಕೇಳದೆ.
ನೀಲಾಂಬಿಕೆ ರೈಲುಹಳಿಯ ಕಡೆ ತಿರುಗಿ ನಿಂತಳು.

ಬೇರೆ ಫಿಲ್ಟರ್ ಹಾಕಿ, ಐದು ಲೀಟರ್ ಎಣ್ಣೆ ಕುಡಿಸಿ,
ಗ್ಲೆನಿಸ್ ಕಿವಿಯಿಂದ ಪೆನ್ಸಿಲ್ ತೆಗೆದಳು:
"ಅವರ ಹೆಸರು ಹೇಳು. ಸೋಮವಾರ ಫೋನ್ ಮಾಡಿ
ಮೈಚಳಿ ಬಿಡಿಸುತ್ತೇನೆ."
ಅವಳ ಹುಬ್ಬಿನ ಮೇಲೆ ನೊಣ ಕೂತಿತು. ಓಡಿಸಲಿಲ್ಲ.

"ಗುರುಪಾದಪ್ಪ" ಅಂದೆ.

ಬಿಡಿಸಿ ಹೇಳು ಅಂದಳು.
ಇಂಗ್ಲಿಷಿನ ಹನ್ನೊಂದು ಅಕ್ಷರ, ಒಂದೊಂದಾಗಿ,
ಆ ಬಯಲಿನಲ್ಲಿ, ಆ ಬಿಸಿಲಿನಲ್ಲಿ.
ನನ್ನ ಹೆಸರು ಇಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ.

ಬರೆದುಕೊಂಡಳು. ಹಣಕ್ಕೆ ಕಾರ್ಡು ಕೇಳಿದಳು.
ಕಾರ್ಡಿನ ಮೇಲಿನ ಹೆಸರನ್ನು ಓದಿದಳು, ನಿಧಾನ.
ನನ್ನ ಉಗುರು ನೋಡಿದಳು,
ಮೂರು ದಿನದ ಸೋಪಿಗೆ ಬಗ್ಗದ ಕಪ್ಪನ್ನು.

"ಆ ಗುರುಪಾದಪ್ಪ ಸಿಕ್ಕರೆ ಹೇಳು," ಅಂದಳು,
"ಹೊಸದು ಕೂರಿಸುವ ಮೊದಲು
ಒಮ್ಮೆ ಸುತ್ತ ಬೆರಳಾಡಿಸು ಅಂತ.
ಕಣ್ಣಿಗೆ ಕಾಣುವುದಲ್ಲ ಅದು. ಕಪ್ಪಿನ ಮೇಲೆ ಕಪ್ಪು."

"ಹೇಳುತ್ತೇನೆ."

"ಮನುಷ್ಯ ಹೇಗೆ?"

ನೀಲಾಂಬಿಕೆ ಇತ್ತ ತಿರುಗಿದಳು,
ತನ್ನ ಲೆಕ್ಕಹಾಕಿದ ಇಂಗ್ಲಿಷಿನಲ್ಲಿ ಹೇಳಿದಳು:
"ಕೆಟ್ಟವನಲ್ಲ. ಅವಸರ ಜಾಸ್ತಿ.
ಫೋನೂ ಜಾಸ್ತಿ."

ಇಬ್ಬರೂ ನಕ್ಕರು.
ನಗಬಹುದೋ ಬಾರದೋ ತಿಳಿಯದೆ
ನಾನು ಬಾನೆಟ್ ಮುಚ್ಚಿದೆ, ಎರಡು ಸಲ.

ಒಲರಿ ಬಂತು, ಹೋಯಿತು.
ನಿಮಿಷಕ್ಕೊಮ್ಮೆ ಆ ಗಿಂಡಿಯ ಜಾಗಕ್ಕೆ ಕಣ್ಣು ಹೋಗುತ್ತಿತ್ತು:
ಕತ್ತಲು. ಅಷ್ಟು ಒಳ್ಳೆಯ ಕತ್ತಲನ್ನು ನಾನು ಕಂಡಿರಲಿಲ್ಲ.

ಪಕ್ಕದಲ್ಲಿ ನೀಲಾಂಬಿಕೆ
ಗ್ಲೆನಿಸಳಿಂದ ಕೇಳಿ ಇಸಿದುಕೊಂಡ ಆ ಹಳೇ ರಬ್ಬರನ್ನು
ಕಾಗದದಲ್ಲಿ ಒರೆಸಿದಳು, ಮತ್ತೆ ಒರೆಸಿದಳು,
ಬೆರಳು ಮಡಚಿ ಮಣಿಕಟ್ಟಿಗೆ ಏರಿಸಿದಳು.
ಹಸಿರು ಗಾಜಿನ ಬಳೆಗಳ ನಡುವೆ
ಅದೊಂದೇ ಸದ್ದಿಲ್ಲದೆ ಕೂತಿತು.

"ಅಳತಿ ಸರಿ ಅದ," ಅಂದಳು,
ನನ್ನ ಕಡೆ ನೋಡದೆ.