ಮೇಕೆ ಪ್ರದರ್ಶನಕ್ಕೆ ಪರವಾನಗಿ

ಮೊದಲ ವರ್ಷ ಎಷ್ಟು ಅಂಗಡಿಗಳಿದ್ದವು?
ಹದಿನೇಳು, ಅನ್ನುತ್ತಾನೆ ಮೇಣದಬತ್ತಿಯ ಥರ್ಮನ್.
ಇಪ್ಪತ್ಮೂರು, ಅನ್ನುತ್ತಾಳೆ ಲುಯೆಲ್ಲಾ,
ಹೆಣೆಯುತ್ತಿರುವ ಬುಟ್ಟಿಯಿಂದ ತಲೆಯೆತ್ತದೆ.
ಎಣಿಸೋರು ಯಾರಿದ್ರು ಆಗ, ಎಂದು ನಗುತ್ತಾನೆ
ಕೊಳಲು ಕೊರೆಯುವ ಆರ್ವಿಲ್,
ಎಣಿಕೆ ಬಿಟ್ಟು ಬಂದವರೇ ಅಲ್ವೆ ನಾವೆಲ್ಲ.

ಬರೆದುಕೊಳ್ಳುತ್ತೇನೆ: ೧೭. ೨೩. ಎಣಿಸಿಲ್ಲ.
ಒಂದೊಂದಕ್ಕೂ ಒಂದೊಂದು ಚೀಟಿ.

ಐವತ್ತೆರಡು ಬೇಸಿಗೆ ನಡೆದ ಸಂತೆಗೆ
ಸರಿಯಾದ ದಾಖಲೆ ಬೇಕೆಂದು
ಎರಡು ರಾತ್ರಿ ಸುತ್ತಿಗೆ ಕೂತು ವಾದಿಸಿ
(ಕಟ್ಟಕಡೆಯವನು ತಲೆಯಾಡಿಸುವ ತನಕ
ಇಲ್ಲಿ ಯಾವುದೂ ತೀರ್ಮಾನವಲ್ಲ)
ನನ್ನ ಕೈಗೆ ಕೊಟ್ಟದ್ದು
ಏಳು ಸೇಬಿನ ಪೆಟ್ಟಿಗೆ,
ಇಲಿ ಕಡಿದ ಒಂದು ಬ್ಯಾನರು,
ಶೆಡ್ಡಿನ ಬೀಗದಕೈ.

ಚಳಿಗಾಲಕ್ಕೊಮ್ಮೆ ನದಿ ಒಳಗೆ ಬಂದು
ಎಲ್ಲವನ್ನೂ ಓದಿ ಹೋಗಿದೆ.
ಅಂಟಿದ ಹಾಳೆಗಳನ್ನು ಕೆಟಲಿನ ಉಗಿಗೆ ಹಿಡಿದು
ಬೆಣ್ಣೆ ಸವರುವ ಚಾಕುವಿನಲ್ಲಿ ಬಿಡಿಸುತ್ತೇನೆ.
ಕೈಯಾರೆ ಮಾಡಿದ್ದನ್ನು ಮಾತ್ರ ಮಾರತಕ್ಕದ್ದು.
ಮಾಡಿದವರೇ ಮಾರತಕ್ಕದ್ದು.
ಅದರ ಕೆಳಗೆ ಯಾರೋ ಒಣಗಿಸಿಟ್ಟ ಫರ್ ಸೂಜಿಗಳು,
ಬಾಕಿ ಒಂದೂವರೆ ಡಾಲರು.

ನಾಲ್ಕನೇ ವರ್ಷದ ಪಟ್ಟಿಯಲ್ಲಿ
ಆರ್ಡಿಸ್ ಎಂಬ ಹೆಸರಿನ ಮೇಲೆ ಒಂದು ಗೆರೆ.
ಸ್ಕೇಲಿಟ್ಟು ಎಳೆದ ಗೆರೆ,
ಇಡೀ ಕಾಡಿನಲ್ಲಿ ಒಂದೇ ಒಂದು ಸ್ಕೇಲಿರದಿದ್ದ ಕಾಲದಲ್ಲಿ.
ದಾರ ಅವಳದೇ, ಗಂಟೂ ಅವಳದೇ,
ಮಣಿ ಮಾತ್ರ ಕಾರ್ಖಾನೆಯದು.
ಬಿಡು ಅದನ್ನ, ಅನ್ನುತ್ತಾಳೆ ಲುಯೆಲ್ಲಾ,
ಬುಟ್ಟಿಯ ಕಡ್ಡಿಯೊಂದು ಲಟಕ್ಕೆಂದು ಮುರಿಯುತ್ತದೆ.

ಬಿಡಲಿಲ್ಲ. ಬರೆದೆ:
ಆರ್ಡಿಸ್‌ಳನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು.
ಮೂವತ್ತು ವರ್ಷ ಕೌಂಟಿ ಕಚೇರಿಯಲ್ಲಿ ಬರೆದ ಕೈ ಇದು,
"ಲಾಯಿತು" ತಾನಾಗಿ ಬಂದುಬಿಡುತ್ತದೆ;
ಮಾಡಿದವರು ಸುಮ್ಮನೆ ಎದ್ದು ಹೋಗಬಹುದು ಅದರ ಹಿತ್ತಿಲ ಬಾಗಿಲಿಂದ.
ಹೊಡೆದುಹಾಕಿ ತಿದ್ದಿದೆ:
ನಾವು ತೆಗೆದುಹಾಕಿದೆವು.
ನಾವು?
ನಾನಿನ್ನೂ ಆಗ ಒಳಗೆ ಬಂದಿರಲಿಲ್ಲ.

ಐದನೇ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು
ಮೊತ್ತಮೊದಲ ವರ್ಷದ ಪರವಾನಗಿ.
ಉದ್ದೇಶ: ಮೇಕೆಗಳ ಪ್ರದರ್ಶನ.
ಪಾಲ್ಗೊಳ್ಳುವ ಮೇಕೆಗಳ ಸಂಖ್ಯೆ: ಒಂದು.
ಠಸ್ಸೆ ಎಡಕ್ಕೆ ಕೊಂಚ ಓರೆ.

ಆ ಓರೆಯ ಗುರುತು ನನಗುಂಟು.
ಇಪ್ಪತ್ತೆರಡರ ನನ್ನ ಮಣಿಕಟ್ಟಿನದು.

ಊಟದ ಹೊತ್ತು. ಸಾಹೇಬರು ಹೊರಗೆ.
ಕೂದಲು ಭುಜ ದಾಟಿದವರಿಗೆ ಕಾಗದ ಕೊಡಬೇಡ, ಎಂದು ಹೇಳಿ ಹೋಗಿದ್ದರು.
ಗಾಜಿನಾಚೆ ನಿಂತವನ ಕೈ ಮೊಣಕೈವರೆಗೂ ನೀಲಿ,
ನೀಲಿಯ ಹಂಡೆಯಿಂದ ಈಗಷ್ಟೇ ಎತ್ತಿದಂತೆ.
ಮೇಕೆಯ ವಾಸನೆ ಎಳ್ಳಷ್ಟೂ ಇಲ್ಲ.
ಎಷ್ಟು ಮೇಕೆ? ಎಂದೆ.
ಐವತ್ತು ಅನ್ನಬಹುದಿತ್ತು. ಸೂರು ನೋಡಿದ,
ಮನಸ್ಸಿನಲ್ಲೇ ಲೆಕ್ಕ ಹಾಕಿದ,
ಒಂದು, ಅಂದ.
ಮರ್ಟಲ್ ಅಂತ.
ನಮೂನೆಯಲ್ಲಿ ಹೆಸರಿಗೆ ಕಾಲಮ್ಮಿರಲಿಲ್ಲ.
ನಗು ತಡೆದ ಕೈ ಜಾರಿರಬೇಕು.

ಇದನ್ನು ಈ ಮೂವರಿಗೂ ಎಂದೂ ಹೇಳಿಲ್ಲ.
ನಿವೃತ್ತಿಯಾದ ಮೇಲೆ ಜೇನಿನ ಬಾಟಲಿ ಹಿಡಿದು ಬಂದವಳು,
ಕಡತ ಜೋಡಿಸಬಲ್ಲಳು: ಅಷ್ಟೇ ನಾನು ಅವರಿಗೆ.
ಇಂದು ಕೇಳಿದೆ, ತಲೆಯೆತ್ತದೆ,
ಮೊದಲ ವರ್ಷ ಮೇಕೆಯೊಂದು ಇತ್ತಂತಲ್ಲ?

ಮರ್ಟಲ್!
ಮೂವರೂ ಒಟ್ಟಿಗೆ.
ಅಂಗಡಿಗಳ ಪಟ್ಟಿ ಅಂತ ಒಂದಿತ್ತು ಕಣೇ,
ಅದನ್ನ ತಿಂದದ್ದೇ ಅವಳು!
ಥರ್ಮನ್ ಕಣ್ಣೊರೆಸಿಕೊಂಡ.
ಆರ್ಡಿಸ್ ಬಾಯಿಗೆ ಕೈ ಹಾಕಿ ಎಳೆದಿದ್ಳು,
ಅರ್ಧ ಹಾಳೆ ಸಿಕ್ಕಿತ್ತು, ಅಂದಳು ಲುಯೆಲ್ಲಾ;
ಅಂದ ಮೇಲೆ ಬಹಳ ಹೊತ್ತು
ಬುಟ್ಟಿಯನ್ನೇ ನೋಡುತ್ತ ಕೂತಳು.

ಹೊಸ ಚೀಟಿ ತೆಗೆದೆ.
ಅಂಗಡಿಗಳು: ೧೭. ೨೩. ಎಣಿಸಿಲ್ಲ.
ಮೇಕೆ: ೧. ಖಚಿತ.
ಷರಾ: ಪರವಾನಗಿಯ ಉದ್ದೇಶ ಸುಳ್ಳು.
ಠಸ್ಸೆ ಒತ್ತಿದವಳಿಗೆ ಗೊತ್ತಿತ್ತು.

ಆಚೆ ಯಾರೋ ಹೊಸ ಮಳಿಗೆಗೆ ಗಳ ಹೂಳುತ್ತಿದ್ದಾರೆ.
ಪೆನ್ನಿನ ಮಸಿ ಕೊಡವಿ
ಹೆಸರು ಬರೆಯುತ್ತೇನೆ, ಪೂರ್ತಿಯಾಗಿ,
ವಿಲ್ಹೆಲ್ಮೀನಾ ಜೇನ್ ಹಾಲ್ಟರ್‌ಮನ್,
ಎಡಕ್ಕೆ ಕೊಂಚ ಓರೆ.